ರಾಜ್ಯ ಕೋರ್ಟ್ ಬಿಟ್ಟು ಫೆಡರಲ್ ಕೋರ್ಟಿಗೆ ಹೋಗುವ ಮುನ್ನ

ಕೆಳಗಿನ ಕೋರ್ಟಿನಲ್ಲಿ ಕೆಲಸವಾಗದಿದ್ದರೆ ಹೈಕೋರ್ಟಿಗೆ ರಿಟ್ ಹಾಕುವುದು ನಮ್ಮ ರೂಢಿ. ಅಮೆರಿಕದಲ್ಲಿ ನೆಲೆಸಿದ ಕೆಲವರು ಅದೇ ಎಣಿಕೆಯಲ್ಲಿ ಅಲ್ಲಿನ ಫೆಡರಲ್ (ಕೇಂದ್ರದ) ಜಿಲ್ಲಾ ಕೋರ್ಟಿಗೆ ಓಡಿ, ಶುಲ್ಕ ಕಳೆದುಕೊಂಡು ಬರುತ್ತಾರೆ. ಆ ಕೋರ್ಟು ರಾಜ್ಯ ಕೋರ್ಟುಗಳ ಮೇಲಿನದಲ್ಲ, ಪಕ್ಕದ್ದು.

1. ರಾಜ್ಯ ಕೋರ್ಟಿನಲ್ಲಿ ಸೋತಾಗಿದೆಯೇ? ಆ ತೀರ್ಪನ್ನೇ ರದ್ದುಪಡಿಸಿ ಎಂದು ಕೇಳಲು ಹೋಗಬೇಡಿ. 1923ರ ರೂಕರ್, 1983ರ ಫೆಲ್ಡ್‌ಮನ್ ಪ್ರಕರಣಗಳು ಆ ದಾರಿ ಮುಚ್ಚಿವೆ. ರಾಜ್ಯದಲ್ಲೇ ಮೇಲ್ಮನವಿ ಹಾಕಿ.

2. ಮೊಕದ್ದಮೆ ಇನ್ನೂ ನಡೆಯುತ್ತಿದೆಯೇ? ಹೆಚ್ಚಿನವರು ಎಡವುವುದು ಇಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಆರೋಪ ಹೊತ್ತ ಹ್ಯಾರಿಸ್ ಎಂಬಾತ, ತನ್ನ ಮೇಲೆ ಹೇರಿದ ಕಾಯ್ದೆಯೇ ಸಂವಿಧಾನಬಾಹಿರ ಎಂದು ಫೆಡರಲ್ ಕೋರ್ಟಿನಿಂದ ತಡೆ ತಂದಿದ್ದ. 1971ರ ಯಂಗರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು: ಆ ವಾದವನ್ನು ರಾಜ್ಯ ಕೋರ್ಟಿನಲ್ಲೇ ಮಂಡಿಸಬಹುದಲ್ಲ!

ಹಾಗೆಂದು ಬಾಕಿ ಇರುವ ಪ್ರತಿ ವ್ಯಾಜ್ಯವೂ ಅಡ್ಡಿಯಲ್ಲ. ಕ್ರಿಮಿನಲ್ ಮೊಕದ್ದಮೆ, ಅದನ್ನೇ ಹೋಲುವ ಸರ್ಕಾರಿ ಸಿವಿಲ್ ಕ್ರಮ, ನ್ಯಾಯಾಂಗ ನಿಂದನೆಯಂತಹ ಕೋರ್ಟಿನ ಸ್ವಂತ ಅಧಿಕಾರಕ್ಕೆ ಸಂಬಂಧಿಸಿದ ಆದೇಶ, ಈ ಮೂರಕ್ಕೆ ಮಾತ್ರ ಯಂಗರ್ ಅನ್ವಯ ಎಂದು 2013ರ ಸ್ಪ್ರಿಂಟ್ ತೀರ್ಪು ಗೆರೆ ಎಳೆಯಿತು. ಬರೀ ಮೊಕದ್ದಮೆಯ ಬೆದರಿಕೆ ಇದ್ದರೆ ಹಕ್ಕು ಘೋಷಿಸಿ ಎಂದು ಕೇಳಲು ಅಡ್ಡಿಯಿಲ್ಲ (ಸ್ಟೆಫೆಲ್, 1974). ಆದರೆ ನೀವು ಮೊದಲು ದಾವೆ ಹೂಡಿದ್ದೀರೆಂದು ಮೀಸೆ ತಿರುವಬೇಡಿ. ಫೆಡರಲ್ ಕೋರ್ಟಿನಲ್ಲಿ ತಿರುಳಿನ ವಿಚಾರಣೆ ಶುರುವಾಗುವ ಮುನ್ನ ರಾಜ್ಯ ಆರೋಪ ಹೊರಿಸಿದರೂ ಯಂಗರ್ ಅನ್ವಯಿಸುತ್ತದೆಂದು 1975ರ ಹಿಕ್ಸ್ ತೀರ್ಪು ಹೇಳುತ್ತದೆ. ದುರುದ್ದೇಶದ ಮೊಕದ್ದಮೆಗೆ ವಿನಾಯಿತಿಯುಂಟು. ಅದನ್ನು ಸಾಬೀತುಪಡಿಸುವುದು ಕಷ್ಟ. ಅಂತರ್ಜಾಲದಲ್ಲಿ ಮಾರುವ ಸಿದ್ಧ ನಮೂನೆಗಳು ಪ್ರತಿ ಪುಟದಲ್ಲೂ ‘ದುರುದ್ದೇಶ’ ಎಂದು ತುಂಬುತ್ತವೆ, ಪುರಾವೆಗೆ ಜಾಗವೇ ಇಲ್ಲ. ಕೊಳ್ಳಬೇಡಿ.

3. ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ? ಕುಟುಂಬ ಕೋರ್ಟಿನಲ್ಲೇ ಇರಿ.

4. ರಾಜ್ಯದ ಕಾನೂನೇ ಅಸ್ಪಷ್ಟವೇ? 1941ರ ಪುಲ್‌ಮನ್ ಪ್ರಕರಣದಲ್ಲಿ ಟೆಕ್ಸಾಸಿನ ರೈಲು ಆಯೋಗದ ಅಧಿಕಾರದ ಪ್ರಶ್ನೆ ಮೊದಲು ಅಲ್ಲಿನ ಕೋರ್ಟಿಗೆ ಹೋಗಲಿ ಎಂದು ಸುಪ್ರೀಂ ಕೋರ್ಟ್ ಸೂಚಿಸಿತು. ಇಲ್ಲಿ ಫೆಡರಲ್ ದಾವೆ ವಜಾ ಆಗುವುದಿಲ್ಲ, ನಿಂತಿರುತ್ತದೆ. ರಾಜ್ಯ ಕೋರ್ಟಿಗೆ ಹೋದ ದಿನವೇ, ಫೆಡರಲ್ ಪ್ರಶ್ನೆಗಳನ್ನು ಫೆಡರಲ್ ಕೋರ್ಟಿಗೆ ಕಾಯ್ದಿರಿಸಿದ್ದೇನೆ ಎಂದು ಲಿಖಿತವಾಗಿ ದಾಖಲಿಸಿ. ವಕೀಲರು ಬೇಡವೆಂದರೂ ಪಟ್ಟು ಹಿಡಿಯಿರಿ.

ಯಂಗರ್ ಅಡ್ಡ ಬಂದ ಫೆಡರಲ್ ದಾವೆಯಲ್ಲಿ ಪರಿಹಾರದ ಹಣವನ್ನೂ ಕೇಳಿದ್ದರೆ, ಅದನ್ನು ವಜಾ ಮಾಡದೆ ತಡೆಹಿಡಿಯಿರಿ ಎಂದು ಅರ್ಜಿ ಹಾಕಿ. ವಜಾ ಆದರೆ ಕಾಲಮಿತಿ ಮೀರಿ ಹೋಗಬಹುದು.