ಜಾತಿ ಕಾಲಂ ಪಕ್ಕದಲ್ಲಿ ನಾನು ಸೇರಿಸಿದ ಕಾಲಂಗಳು

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ತುಂಬಿ ಕಳಿಸುವ ವಿಶ್ಲೇಷಣಾ ನಮೂನೆ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಹಾಜರಾದವರು, ಪಾಸಾದವರು, ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಕೊನೆಗೆ ಶೇಕಡಾವಾರು. ಆ ನಮೂನೆ ಇರಬೇಕು. ಯಾವ ಸಮುದಾಯದ ಮಕ್ಕಳು ಹಿಂದುಳಿದಿದ್ದಾರೆ ಎಂದು ಸರ್ಕಾರಕ್ಕೆ ತಿಳಿಯುವುದೇ ಅದರಿಂದ. ಆದರೆ ನಾಳೆ ಹತ್ತನೇ ತರಗತಿಗೆ ಹೋದಾಗ ಯಾವ ಮಗುವಿನ ಪಕ್ಕ ಕೂರಬೇಕು, ಏನು ಹೇಳಿಕೊಡಬೇಕು ಅನ್ನುವುದು ಅದರಲ್ಲಿ ಸಿಗುವುದಿಲ್ಲ. 40 ಮಕ್ಕಳ ತರಗತಿಯಲ್ಲಿ ಒಬ್ಬ ಫೇಲಾದರೆ ಎರಡೂವರೆ ಶೇಕಡಾ ಹೋಯಿತು. ಯಾವುದೋ ಪ್ರವರ್ಗದಲ್ಲಿ ನಾಲ್ಕೇ ಮಕ್ಕಳಿದ್ದು ಒಬ್ಬಳು ಫೇಲಾದರೆ ಆ ಕಾಲಂನಲ್ಲಿ ಇಪ್ಪತ್ತೈದು ಶೇಕಡಾ. ಅಷ್ಟು ಸಣ್ಣ ಗುಂಪಿನ ಶೇಕಡಾವಾರು ನೋಡಿ ಒಂದು ಸಮುದಾಯದ ಬಗ್ಗೆ ಮಾತಾಡುವುದು ಅನ್ಯಾಯ.

2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂತು, ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆಯೂ ಮೊದಲ ಸ್ಥಾನದಿಂದ ಬಹಳ ಕೆಳಗೆ ಹೋಯಿತು. ಆಗ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮನೆ ವಾತಾವರಣ ಸರಿಯಿಲ್ಲ. ಮನೆ ವಾತಾವರಣ ಅಂದರೆ ನಿರ್ದಿಷ್ಟವಾಗಿ ಏನು ಎಂದು ಬರೆದಿಡೋಣ ಅಂತ ನಾನು ಕೂತೆ.

ಮೊದಲು ಅಂಕ. ಪ್ರಥಮ ಭಾಷೆ ಬಿಟ್ಟು ಮಿಕ್ಕ ವಿಷಯಗಳಿಗೆ ಲಿಖಿತ 80, ಆಂತರಿಕ 20. ಆಂತರಿಕ ಅಂಕ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ತುಂಬಿ ಬಂದಿರುತ್ತದೆ. ಅದನ್ನು ಸೇರಿಸಿಕೊಂಡರೆ ವ್ಯತ್ಯಾಸವೇ ಕಾಣದು. ಹಾಗಾಗಿ ಲಿಖಿತ ಅಂಕವನ್ನಷ್ಟೇ ತೆಗೆದುಕೊಂಡೆ. ಎಸ್‌ಎಟಿಎಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಜಾತಿ, ಆದಾಯ, ಹುಟ್ಟಿದ ತಾರೀಖು ಸಿಗುತ್ತವೆ. ಅದರ ಪಕ್ಕ ನಾನೇ ಗೆರೆ ಎಳೆದು ಕಾಲಂ ಸೇರಿಸಿದೆ: ಮನೆಯಲ್ಲಿ ಆಡುವ ಮಾತು, ಊರಿಂದ ಬಸ್ ಹೊರಡುವ ಹೊತ್ತು, ಹಾಸ್ಟೆಲ್ಲೋ ಮನೆಯೋ, ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಯಾರಾದರೂ ಇದ್ದಾರೋ, ಅಪ್ಪ ಅಮ್ಮ ಊರಲ್ಲಿದ್ದಾರೋ ಗುಳೆ ಹೋಗಿದ್ದಾರೋ. ಕೊನೆಗೆ ಹಾಜರಾತಿ, ತಿಂಗಳು ತಿಂಗಳಿಗೆ ಬೇರೆ ಬೇರೆಯಾಗಿ. ವರ್ಷದ ಒಟ್ಟು ಹಾಜರಾತಿ ಬರೆದರೆ ಏನೂ ತಿಳಿಯುವುದಿಲ್ಲ. ತಿಂಗಳಿಗೆ ಒಡೆದಾಗ ಶೇಂಗಾ ಕೀಳುವ ಕಾಲಕ್ಕೆ ಯಾರು ಬರುವುದಿಲ್ಲ, ಕುರಿ ಹಿಂಡು ನೀರಾವರಿ ಸೀಮೆಗೆ ಹೊರಟಾಗ ಯಾರು ಬರುವುದಿಲ್ಲ ಅನ್ನುವುದು ತಾನಾಗಿ ಎದ್ದು ಕಂಡಿತು.

ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸಿದ್ದು ಒಂದು ಗೊಲ್ಲರಹಟ್ಟಿಯ ಹೆಣ್ಣುಮಕ್ಕಳ ಹಾಜರಾತಿ. ಓದಿನಲ್ಲಿ ಚುರುಕಾದ ಹುಡುಗಿಯರು. ಆದರೆ ಪ್ರತಿ ತಿಂಗಳೂ ಸಾಲಾಗಿ ಕೆಲವು ದಿನ 'ಗೈ', ಅಂದರೆ ಗೈರುಹಾಜರು. ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯಿಂದ ಆಚೆ ಇರಿಸುವ ಪದ್ಧತಿ ಕಾಡುಗೊಲ್ಲರ ಎಷ್ಟೋ ಹಟ್ಟಿಗಳಲ್ಲಿ ಇನ್ನೂ ಇದೆ. ಇಲಾಖೆಯ ನಮೂನೆಯಲ್ಲಿ ಈ ಹುಡುಗಿಯರು 'ಪ್ರವರ್ಗ-1, ಹೆಣ್ಣು' ಅಷ್ಟೇ. ಆ ಕಾಲಂನಲ್ಲಿ ಇನ್ನೂ ಎಷ್ಟೋ ಜಾತಿಗಳ ಮಕ್ಕಳಿದ್ದಾರೆ, ಅವರದು ಬೇರೆಯೇ ಕಷ್ಟ. ನಮ್ಮ ಶಾಲೆಯ ವಿಜ್ಞಾನದ ಮೇಡಂ, ಆಶಾ ಕಾರ್ಯಕರ್ತೆ ಇಬ್ಬರೂ ಹಟ್ಟಿಗೆ ಹೋಗಿ ತಾಯಂದಿರ ಜೊತೆ ಕೂತರು. ನಾನು ದೂರ ನಿಂತಿದ್ದೆ. "ಆಚೆ ಇರೋಳ್ನ ಬಸ್ಸಿಗೆ ಹತ್ಸಿದ್ರೆ ಜನ ಏನಂತಾರೆ ಮೇಡಮ್ಮಾರೆ" ಅಂದರು ಒಬ್ಬ ತಾಯಿ. ಪದ್ಧತಿ ಬಿಡಿ ಎಂದು ಮೇಡಂ ಅಂದೇ ವಾದಕ್ಕಿಳಿಯಲಿಲ್ಲ. ಆಚೆ ಇರುವಷ್ಟು ದಿನ ಹುಡುಗಿ ಅಲ್ಲಿಂದಲೇ ನೇರ ಶಾಲೆಗೆ ಬರಲಿ, ಶಾಲೆಯಲ್ಲಿ ಮಡಿ ಮೈಲಿಗೆ ಯಾರೂ ಕೇಳುವುದಿಲ್ಲ, ಪ್ಯಾಡು, ನೀರು, ಶೌಚಾಲಯ ನಾವು ನೋಡಿಕೊಳ್ಳುತ್ತೇವೆ ಅಂದರು. ಒಂದು ಮನೆಯವರು ಒಪ್ಪಿದರು, ಆಮೇಲೆ ಇನ್ನೊಂದು. ಎಲ್ಲರೂ ಇನ್ನೂ ಒಪ್ಪಿಲ್ಲ. ಆ ಮಕ್ಕಳನ್ನು ಊರಾಚೆ ಇರಿಸುವುದೇ ನಿಲ್ಲಬೇಕು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅಲ್ಲಿಯವರೆಗೆ ಪಾಠವಾದರೂ ತಪ್ಪಬಾರದು.

ಮಾತಿನ ಕಾಲಂ ಇನ್ನೊಂದು ವಿಷಯ ತೋರಿಸಿತು. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ತೆಲುಗು ಮನೆಯ ಒಬ್ಬ ಹುಡುಗನ ಗಣಿತದ ಉತ್ತರ ಪತ್ರಿಕೆ ತೆಗೆದು ನೋಡಿದೆ. ವರ್ಗ ಸಮೀಕರಣ ಬಿಡಿಸುವ ಲೆಕ್ಕಗಳೆಲ್ಲ ಸರಿ, ವಾಕ್ಯರೂಪದ ಲೆಕ್ಕಗಳೆಲ್ಲ ಖಾಲಿ. ಗೋಪುರದ ಪಾದದಿಂದ ಇಷ್ಟು ಮೀಟರ್ ದೂರದ ಬಿಂದುವಿನಿಂದ ತುದಿಯ ಉನ್ನತ ಕೋನ 30 ಡಿಗ್ರಿ ಇದ್ದರೆ ಎತ್ತರವೆಷ್ಟು ಅನ್ನುವಂಥವು. ನಾನೇ ಪ್ರಶ್ನೆಯನ್ನು ನಿಧಾನವಾಗಿ ಓದಿ ಹೇಳಿದೆ. ಸ್ಲೇಟಿನ ಮೇಲೆ ತ್ರಿಭುಜ ಬರೆದು ಅಷ್ಟು ಹೊತ್ತಿಗೇ ಉತ್ತರ ತಂದ. ಅವನಿಗೆ ತೊಡಕಾಗಿದ್ದುದು ಕನ್ನಡದ ಉದ್ದ ವಾಕ್ಯವನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುವುದು. ಅಂದಿನಿಂದ ನನ್ನ ಪಿರಿಯಡ್‌ನ ಮೊದಲ ಹತ್ತು ನಿಮಿಷ ಪ್ರಶ್ನೆ ಓದುವುದಕ್ಕೇ ಮೀಸಲು. ಲೆಕ್ಕ ಬಿಡಿಸುವ ಹಾಗಿಲ್ಲ. ಓದಬೇಕು, ಚಿತ್ರ ಬರೆಯಬೇಕು, ಏನು ಕೇಳಿದ್ದಾರೆ ಎಂದು ಸ್ವಂತ ಮಾತಲ್ಲಿ ಹೇಳಬೇಕು. ತೆಲುಗಲ್ಲಿ ಹೇಳಿದರೂ ಸರಿ.

ಬಸ್ಸಿನ ಕಾಲಂನಿಂದ ಆದ ಬದಲಾವಣೆ ಸಣ್ಣದು, ಪ್ರಯೋಜನ ದೊಡ್ಡದು. ಸಂಜೆಯ ವಿಶೇಷ ತರಗತಿಯಲ್ಲಿ ಉಳಿಯುತ್ತಿದ್ದವರು ಹಾಸ್ಟೆಲ್ ಮಕ್ಕಳು ಮತ್ತು ಇದೇ ಊರಿನವರು. ದೂರದ ಹಟ್ಟಿ, ತಾಂಡಾಗಳ ಮಕ್ಕಳಿಗೆ ಸಂಜೆ ಬಸ್ ತಪ್ಪಿದರೆ ಮತ್ತೊಂದಿಲ್ಲ. ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಬೇಡ, ಆದರೆ ಬಸ್ಸೇ ಇಲ್ಲದ ಹೊತ್ತಲ್ಲಿ ಏನು ಮಾಡುವುದು? ಅತಿ ಅಗತ್ಯವಿದ್ದವರೇ ತಪ್ಪಿಸಿಕೊಳ್ಳುತ್ತಿದ್ದ ತರಗತಿ ಅದು. ಎಚ್‌ಎಂ ಮತ್ತು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ)ಯವರನ್ನು ಒಪ್ಪಿಸಿ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಗೆ ತಂದೆವು. ಬೆಳಗಿನ ಬಸ್ ಹೇಗಿದ್ದರೂ ಬೇಗ ಬಂದು ಮಕ್ಕಳನ್ನು ಇಳಿಸುತ್ತದೆ.

ಈ ಹಾಳೆ ನನ್ನ ಬೀರುವಿನಲ್ಲಿರುತ್ತದೆ. ಗೋಡೆಗೆ ಅಂಟಿಸುವುದಿಲ್ಲ, ವಾಟ್ಸ್ಆಪ್ ಗುಂಪಿಗೆ ಹಾಕುವುದಿಲ್ಲ, ತರಗತಿಯಲ್ಲಿ ಯಾವ ಮಗುವನ್ನೂ ಜಾತಿ ಕರೆದು ಎಬ್ಬಿಸುವುದಿಲ್ಲ. ಮಗುವಿನ ಮನೆಯ ಸಂಗತಿ ಕೇಳಿದ ಮೇಲೆ ಅದನ್ನು ಕಾಪಾಡುವ ಹೊಣೆಯೂ ನಮ್ಮದೇ.

ಹತ್ತನೇ ತರಗತಿಯಲ್ಲಿ ಹಾಳೆ ತೆರೆದರೆ ಮಾರ್ಚ್‌ವರೆಗೆ ಸಮಯ ಸಾಲದು, ಹಾಗಾಗಿ ಈಗ ಎಂಟನೇ ತರಗತಿಗೆ ಸೇರಿಸುವಾಗಲೇ ಬರೆಯುತ್ತೇವೆ. ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಗಳ ಕಲಿಕೆ ಸರಿಪಡಿಸುವ ಪಾಠ) ನಡೆಯುವಾಗ ಪ್ರತಿ ಮಗುವಿನಿಂದಲೂ ಒಂದು ಪುಟ ಗಟ್ಟಿಯಾಗಿ ಓದಿಸುತ್ತೇವೆ, ಬಂದ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿ ಆ ಮಗು ಯಾವ ತಿಂಗಳಲ್ಲಿ ತಪ್ಪಿಸುತ್ತಿತ್ತು ಎಂದು ಕೇಳುತ್ತೇವೆ. ಬೇರೆ ಶಾಲೆಯವರು ಶುರು ಮಾಡುವುದಾದರೆ ಅಷ್ಟೂ ಕಾಲಂ ಬೇಡ. ತಿಂಗಳವಾರು ಹಾಜರಾತಿ, ಮನೆಮಾತು, ಬಸ್ಸಿನ ಹೊತ್ತು, ಇವು ಮೂರಿದ್ದರೆ ಮೊದಲ ವರ್ಷಕ್ಕೆ ಸಾಕು.