ಮೊದಲು ಕಾರ್ನರ್, ಕೊನೆಗೆ ರೇಡರ್: ಸೋಲುತ್ತಿದ್ದ ಕಬಡ್ಡಿ ತಂಡವನ್ನು ದಾವಣಗೆರೆಯಲ್ಲಿ ಮತ್ತೆ ಕಟ್ಟಿದ ಬಗೆ

ಮೇಲಿಂದ ಮೇಲೆ ಸೋಲುವ ಕಬಡ್ಡಿ ತಂಡಕ್ಕೆ ಊರಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ದುಡ್ಡು ಹಾಕಿ ಒಬ್ಬ ಒಳ್ಳೆ ರೇಡರ್ (ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವನು) ತನ್ನಿ. ದಾವಣಗೆರೆಯಲ್ಲಿ ಸಂಭಾವನೆ ಕೊಟ್ಟು ಆಡಿಸುವ ನಮ್ಮ ತಂಡವನ್ನು ಹೊಸದಾಗಿ ಕಟ್ಟುವಾಗ ಆ ಕೆಲಸವನ್ನು ನಾವು ಕಟ್ಟಕಡೆಗೆ ಇಟ್ಟುಕೊಂಡೆವು. ಮೊದಲು ಹಳೆಯ ಪಂದ್ಯಗಳ ಲೆಕ್ಕ, ಆಮೇಲೆ ಕೋಚ್‌ಗಳು, ಆಮೇಲೆ ಎರಡೂ ಕಡೆಯ ಕಾರ್ನರ್ (ಮೂಲೆಯಲ್ಲಿ ನಿಂತು ಹಿಡಿಯುವವರು) ಮತ್ತು ಕವರ್ (ಅವರಿಗಿಂತ ಒಳಗೆ, ನಡುಭಾಗದ ಹತ್ತಿರ ನಿಂತು ಹಿಡಿಯುವವರು), ಅದಾದ ಮೇಲೆ ರೇಡರ್. ಈ ಕ್ರಮ ಯಾಕೆ, ಒಂದೊಂದು ಹಂತದಲ್ಲಿ ಏನು ಮಾಡಬೇಕು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಂಡ ನಡೆಸುವವರಿಗೆ ಉಪಯೋಗವಾಗುವ ಹಾಗೆ ಬರೆಯುತ್ತಿದ್ದೇನೆ.

ಹೊನಲು ಬೆಳಕಿನ ಟೂರ್ನಿಗಳು ಬಹುಪಾಲು ಯೂಟ್ಯೂಬ್‌ನಲ್ಲಿ ಲೈವ್ ಬರುವುದರಿಂದ ಹಳೆಯ ಪಂದ್ಯಗಳ ವಿಡಿಯೊ ಸಿಗುತ್ತದೆ. ಕೂತು ರೇಡ್ ರೇಡ್‌ಗೂ ಬರೆದುಕೊಳ್ಳಬೇಕು. ಪೂರ್ಣ ಪಂದ್ಯ 40 ನಿಮಿಷ, ಒಂದು ರೇಡ್‌ಗೆ 30 ಸೆಕೆಂಡ್. ಅಂದರೆ ಒಂದು ತಂಡಕ್ಕೆ ಸುಮಾರು 40 ರೇಡ್. ಒಂದೊಂದಕ್ಕೂ ಒಂದು ಸಾಲು: ಯಾರು ಹೋದರು, ಎದುರಿಗೆ ಎಷ್ಟು ಜನ ಇದ್ದರು, ಖಾಲಿಯೋ (ಅಂಕವಿಲ್ಲದೆ ಮರಳಿದ್ದು) ಬೋನಸ್ಸೋ (ಬೋನಸ್ ಗೆರೆ ದಾಟಿ ಪಡೆದ ಅಂಕ) ಟಚ್ಚೋ ಔಟೋ. ಎದುರಾಳಿಯ ರೇಡ್‌ಗಳಿಗೂ ಇದೇ ರೀತಿ, ಜತೆಗೆ ಯಾರು ಹಿಡಿಯಲು ಹೋದರು ಎಂಬುದು.

ಇದರ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿ: ಮುಖ್ಯ ರೇಡರ್ ಹೊರಗೆ ಕೂತ ನಿಮಿಷಗಳು. ಸೋಲುವ ತಂಡದ ಕಾಯಿಲೆ ತಿಳಿಯುವುದು ಇಲ್ಲೇ. ಔಟಾದವನು ಒಳಗೆ ಬರಬೇಕಾದರೆ ನಮ್ಮವರು ಎದುರಾಳಿಯನ್ನು ಔಟ್ ಮಾಡಬೇಕು. ಬೋನಸ್‌ನಿಂದ ಅಂಕ ಏರುತ್ತದೆ, ಆದರೆ ಹೊರಗಿದ್ದವನು ಒಳಗೆ ಬರುವುದಿಲ್ಲ. ಹಿಡಿತ ಕೆಟ್ಟ ತಂಡದಲ್ಲಿ ರೇಡರ್ ಒಮ್ಮೆ ಔಟಾದರೆ ಎಂಟು ಹತ್ತು ರೇಡ್ ಹೊರಗೇ ಕೂರುತ್ತಾನೆ. ಆ ಹೊತ್ತಿನಲ್ಲಿ ಉಳಿದವರು ಖಾಲಿ ರೇಡ್ ಮಾಡಿ ಮೂರನೆಯದಕ್ಕೆ ಡು ಆರ್ ಡೈ (ಅಂಕ ತರದಿದ್ದರೆ ರೇಡರ್ ಔಟ್) ತಂದುಕೊಳ್ಳುತ್ತಾರೆ, ಅದರಲ್ಲೂ ಔಟಾಗುತ್ತಾರೆ, ಕೊನೆಗೆ ಎಲ್ಲರೂ ಔಟಾಗಿ ಲೋನಾ ಬಿದ್ದು ಇನ್ನೆರಡು ಅಂಕ ಹೋಗುತ್ತದೆ. ಮುಖ್ಯ ರೇಡರ್ 40ರಲ್ಲಿ 12 ನಿಮಿಷಕ್ಕಿಂತ ಹೆಚ್ಚು ಹೊರಗಿದ್ದರೆ ಎಷ್ಟು ದೊಡ್ಡ ಹೆಸರಿನವನನ್ನು ತಂದರೂ ಅವನೂ ಅಲ್ಲೇ ಕೂರುತ್ತಾನೆ. ಹಾಗಾಗಿ ದುಡ್ಡು ಮೊದಲು ಹಿಡಿತಕ್ಕೆ ಹೋಗಬೇಕು.

ತಪ್ಪಿದ ಟ್ಯಾಕಲ್‌ಗಳಿಗೆ, ಅಂದರೆ ಹಿಡಿತಗಳಿಗೆ, ಕಾರಣವನ್ನೂ ಬರೆಯಬೇಕು. ನಾವು ನಾಲ್ಕೇ ಗುರುತು ಇಟ್ಟುಕೊಂಡೆವು: ಆತುರ, ಒಂಟಿ, ಕೈ ಜಾರಿದ್ದು, ಗೆರೆ. ಆತುರ ಎಂದರೆ ರೇಡರ್ ಒಳಗೆ ಬರುವ ಮೊದಲೇ ನುಗ್ಗಿದ್ದು. ಒಂಟಿ ಎಂದರೆ ಕಾರ್ನರ್ ಹಿಡಿದಾಗ ಪಕ್ಕದವನು ನಿಂತು ನೋಡಿದ್ದು. ಗೆರೆ ಎಂದರೆ ಟಚ್ ಆಗುವ ಮೊದಲೇ ಲಾಬಿಗೆ (ಅಂಕಣದ ಎರಡು ಪಕ್ಕದ ಪಟ್ಟಿಗೆ) ಕಾಲಿಟ್ಟು ಸುಮ್ಮಸುಮ್ಮನೆ ಔಟಾದದ್ದು. ಸೋಲುವ ತಂಡಗಳಲ್ಲಿ ಆತುರ, ಒಂಟಿ ಇವೆರಡೇ ಮುಕ್ಕಾಲು ಪಾಲು ಜಾಗ ತುಂಬುತ್ತವೆ. ಎರಡೂ ತೋಳಿನ ಬಲದ ಕೊರತೆಯಲ್ಲ, ಒಬ್ಬರ ಜತೆ ಒಬ್ಬರು ಆಡಿ ರೂಢಿಯಿಲ್ಲದ್ದು. ಅದನ್ನು ಸರಿಮಾಡುವುದು ಕೋಚ್ ಕೆಲಸ, ಅದಕ್ಕೇ ಆಟಗಾರರಿಗಿಂತ ಮೊದಲು ಕೋಚ್‌ಗಳು.

ನಮ್ಮ ಭಾಗದ ತಂಡಗಳಲ್ಲಿ ಒಬ್ಬರೇ ಕೋಚ್ ಇರುತ್ತಾರೆ; ಅವರೇ ಅಭ್ಯಾಸ ಮಾಡಿಸಬೇಕು, ಅವರೇ ಬಸ್ಸು ಹೇಳಬೇಕು, ಅವರೇ ಅಂಪೈರ್ ಹತ್ತಿರ ಮಾತಾಡಬೇಕು. ಇದನ್ನು ಒಡೆಯಬೇಕು. ಮುಖ್ಯ ಕೋಚ್‌ಗೆ ರೇಡಿಂಗ್ ಮತ್ತು ಪಂದ್ಯದ ತೀರ್ಮಾನ. ಹಿಡಿತಕ್ಕೇ ಬೇರೆ ಒಬ್ಬ ಸಹಾಯಕ ಕೋಚ್, ಅವನು ಕಾರ್ನರ್ ಅಥವಾ ಕವರ್ ಆಡಿದವನೇ ಆಗಿರಬೇಕು. ಮೂರನೆಯವನು ಬಿ.ಪಿ.ಎಡ್ (ದೈಹಿಕ ಶಿಕ್ಷಣ ಪದವಿ) ಮುಗಿಸಿದ ಹುಡುಗ: ವಿಡಿಯೊ, ಲೆಕ್ಕ, ತೂಕ, ಓಟದ ಪರೀಕ್ಷೆ ಎಲ್ಲ ಅವನದು. ಫಿಸಿಯೊಥೆರಪಿಸ್ಟ್ ಪೂರ್ಣಾವಧಿ ಬೇಡ. ಮೆಡಿಕಲ್ ಕಾಲೇಜುಗಳಿರುವ ಊರು ದಾವಣಗೆರೆ, ವಾರಕ್ಕೆ ಎರಡು ಸಂಜೆ ಬರುವವರು ಸಿಗುತ್ತಾರೆ. ಊಟ, ಗಾಡಿ, ವಸತಿ, ಆಯೋಜಕರ ಜತೆ ಮಾತುಕತೆ ಮ್ಯಾನೇಜರ್‌ಗೆ. ಕೋಚ್ ಅದರಲ್ಲಿ ಕೈ ಹಾಕಬಾರದು.

ಕೋಚ್ ಆರಿಸುವಾಗ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದ್ದರೆ ಒಳ್ಳೆಯದು, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಆದೀತು. ಆದರೆ ಕಾಗದ ನೋಡಿ ಮುಗಿಸಬೇಡಿ. ನಮ್ಮದೇ ಸೋತ ಪಂದ್ಯದ ಹತ್ತು ನಿಮಿಷದ ವಿಡಿಯೊ ತೋರಿಸಿ, ಏನು ಕಂಡಿತು ಎಂದು ಕೇಳಿ. ‘ಹುಡುಗರಿಗೆ ಜೋಶ್ ಇಲ್ಲ’ ಎನ್ನುವವರನ್ನು ಬಿಡಿ. ‘ಬಲಗಡೆ ಕವರ್ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾನೆ, ಅದಕ್ಕೇ ಕಾರ್ನರ್ ಒಂಟಿಯಾಗ್ತಾನೆ’ ಎನ್ನುವವರನ್ನು ಇಟ್ಟುಕೊಳ್ಳಿ. ಎರಡನೇ ಪರೀಕ್ಷೆ, ಅರ್ಧ ಗಂಟೆ ಅಭ್ಯಾಸ ಮಾಡಿಸಲು ಹೇಳುವುದು. ಹನ್ನೆರಡು ಜನರಲ್ಲಿ ಎಷ್ಟು ಜನ ಸುಮ್ಮನೆ ನಿಂತಿದ್ದಾರೆ ಎಣಿಸಿ. ಅರ್ಧಕ್ಕಿಂತ ಹೆಚ್ಚು ಜನ ನಿಂತೇ ಇದ್ದರೆ ಆ ಕೋಚ್ ನಮಗೆ ಆಗಿಬರುವುದಿಲ್ಲ.

ಕೋಚ್ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಪ್ರೊ ಕಬಡ್ಡಿಯ 11ನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ಪರ್ದೀಪ್ ನರ್ವಾಲ್ ಅವರಂಥ ರೇಡರ್ ಇದ್ದೂ 22 ಪಂದ್ಯಗಳಲ್ಲಿ 2ನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು. ಮುಂದಿನ ಆವೃತ್ತಿಗೆ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ಬುಲ್ಸ್ ಪ್ಲೇಆಫ್ ತಲುಪಿತು. 2019ರಲ್ಲಿ ಬೆಂಗಾಲ್ ವಾರಿಯರ್ಸ್, 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆದಾಗಲೂ ಕೋಚ್ ಅವರೇ.

ಇನ್ನು ತಂಡದ ಪಟ್ಟಿ. 12 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಒಂದೇ ಸಲ ಬದಲಿಸಬಾರದು. ಚೈನ್ ಕಟ್ಟುವವರಿಗೆ ಪರಸ್ಪರ ಕೈ ಹಿಡಿದು ಆಡಿ ಅಭ್ಯಾಸವಾಗಲು ತಿಂಗಳುಗಳೇ ಬೇಕು. ಯಾರನ್ನು ಬಿಡುತ್ತೀರೋ ಅವರಿಗೆ ಸೀಸನ್ ಮುಗಿದ ವಾರದೊಳಗೆ ಮುಖಾಮುಖಿ ಹೇಳಿ, ಬಾಕಿ ಹಣ ಕೊಟ್ಟು, ಬೇರೆ ತಂಡಕ್ಕೆ ಹೋಗಲು ಬೇಕಾದ ಪತ್ರ ಕೊಟ್ಟುಬಿಡಿ. ತಡಮಾಡಿದರೆ ಉಳಿದ ತಂಡಗಳ ಪಟ್ಟಿ ತುಂಬಿ ಆ ಹುಡುಗನ ಒಂದು ವರ್ಷ ಹಾಳಾಗುತ್ತದೆ. ನಾಲ್ವರು ರೇಡರ್, ಮೂವರು ಕಾರ್ನರ್, ಮೂವರು ಕವರ್, ಇಬ್ಬರು ಆಲ್‌ರೌಂಡರ್: ಇದು ನಮಗೆ ಸರಿಹೋದ ಲೆಕ್ಕ. ಮೂರನೇ ಕಾರ್ನರ್ ಎಡ, ಬಲ ಎರಡೂ ಕಡೆ ಆಡುವವನಾಗಿರಬೇಕು. ಒಂದೇ ರಾತ್ರಿ ನಾಲ್ಕು ಪಂದ್ಯ ಆಡುವ ಟೂರ್ನಿಗಳಲ್ಲಿ ಫೈನಲ್ ಬೆಳಗಿನ ಜಾವಕ್ಕೆ ಬರುತ್ತದೆ. ಆಗ ಬೆಂಚಿನಲ್ಲಿರುವ ಐವರೇ ಪಂದ್ಯ ತೀರ್ಮಾನಿಸುವುದು.

ಕಾರ್ನರ್ ಹುಡುಕುವಾಗ ಮೈಕಟ್ಟಿಗಿಂತ ಕಾಯುವ ಗುಣ ನೋಡಿ. ಆಂಕಲ್ ಹೋಲ್ಡ್‌ಗೆ (ರೇಡರ್‌ನ ಪಾದದ ಕೀಲು ಹಿಡಿಯುವುದಕ್ಕೆ) ಸರಿಯಾದ ಗಳಿಗೆ ತೀರ ಚಿಕ್ಕದು. ರೇಡರ್ ಬೋನಸ್ ಗೆರೆಗೆ ಒಂದು ಕಾಲು ಚಾಚಿ ಇನ್ನೊಂದು ಕಾಲು ಎತ್ತಿದಾಗ, ಅಥವಾ ಟೋ ಟಚ್‌ಗೆಂದು ಕಾಲು ಮುಂದಿಟ್ಟಾಗ ಅವನ ತೂಕ ಮುಂದಕ್ಕೆ ಬಿದ್ದಿರುತ್ತದೆ. ಹಿಂದಕ್ಕೆ ತಿರುಗಲು ಆಗುವುದಿಲ್ಲ. ಕಾರ್ನರ್ ಆಗ ಸೊಂಟ ತಗ್ಗಿಸಿಕೊಂಡೇ ಇರಬೇಕು, ಎರಡೂ ಕೈಯಿಂದ ಹಿಮ್ಮಡಿಯ ಮೇಲ್ಭಾಗ ಹಿಡಿಯಬೇಕು, ತಲೆ ರೇಡರ್‌ನ ತೊಡೆಯ ಹೊರಮಗ್ಗುಲಿಗೆ ಇರಬೇಕು. ತಲೆ ಎರಡು ಕಾಲಿನ ನಡುವೆ ಹೋದರೆ ಮಂಡಿ ಮುಖಕ್ಕೆ ಬಡಿಯುತ್ತದೆ, ಕುತ್ತಿಗೆಗೂ ಅಪಾಯ. ಒಂದೇ ಕೈಯಲ್ಲಿ ಹಿಡಿದರೆ ಜಾರುತ್ತದೆ. ರೇಡರ್‌ನ ಎದೆ ಹಿಂದಕ್ಕೆ ವಾಲಿದ್ದಾಗ ಹೋದರೆ ಅವನು ಎಳೆದುಕೊಂಡೇ ನಡುಗೆರೆ ಮುಟ್ಟುತ್ತಾನೆ.

ಕಾರ್ನರ್ ಹಿಡಿದ ಮೇಲೆ ನೋಡಿ ಕವರ್ ಹೊರಟರೆ ತಡವಾಯಿತು. ಇಬ್ಬರೂ ಒಟ್ಟಿಗೆ ಹೊರಡಬೇಕು. ಕವರ್ ರೇಡರ್‌ನ ಮುಖ ನೋಡಬಾರದು, ಸೊಂಟ ನೋಡಬೇಕು. ಮುಖದಲ್ಲಿ ಮೋಸ ಮಾಡಬಹುದು, ಸೊಂಟ ತಿರುಗಿದ ಕಡೆಗೇ ಕಾಲು ಹೋಗುತ್ತದೆ. ಅವನ ಜಾಗ ರೇಡರ್ ಮತ್ತು ನಡುಗೆರೆಯ ಮಧ್ಯೆ. ಕಾರ್ನರ್ ತನ್ನ ಪಕ್ಕದ ‘ಇನ್’ ಆಟಗಾರನ (ಕಾರ್ನರ್ ಮತ್ತು ಕವರ್ ನಡುವೆ ನಿಲ್ಲುವವನ) ಕೈ ಅದುಮಿದರೆ ‘ಹೊರಟೆ’ ಎಂದರ್ಥ, ಆ ಅದುಮು ಕವರ್‌ವರೆಗೂ ದಾಟಬೇಕು. ಅಭ್ಯಾಸದಲ್ಲಿ ರೇಡರ್ ಮೊದಲು ನಡಿಗೆಯ ವೇಗದಲ್ಲಿ ಬರಲಿ, ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ. ಆಮೇಲೆ ಅರ್ಧ ವೇಗ, ಕಡೆಗೆ ಪೂರ್ತಿ. ನಡುವೆ ಕೋಚ್ ಸೀಟಿ ಊದಿ ‘ಈಗ’ ಎನ್ನಬಾರದು. ಹಾಗೆ ರೂಢಿಯಾದವರು ಪಂದ್ಯದಲ್ಲೂ ಯಾರೋ ಹೇಳಲಿ ಎಂದು ಕಾಯುತ್ತಾರೆ.

ಬಹಳ ತಂಡಗಳು ಹಿಡಿತದ ಅಭ್ಯಾಸವನ್ನು ಏಳೂ ಜನ ನಿಂತೇ ಮಾಡುತ್ತವೆ. ಪಂದ್ಯ ಕೈತಪ್ಪುವುದು ಅಂಕಣದಲ್ಲಿ ಮೂರು ನಾಲ್ಕು ಜನ ಉಳಿದಾಗ. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದಕ್ಕೆ ಎರಡು ಅಂಕ. ಹಿಡಿತದ ಸಮಯದಲ್ಲಿ ಮೂರನೇ ಒಂದು ಭಾಗವನ್ನು ನಾವು ಮೂವರ ಅಭ್ಯಾಸಕ್ಕೇ ಮೀಸಲಿಟ್ಟೆವು. ಇಡೀ ತಂಡದ ಧೈರ್ಯ ಬದಲಾದದ್ದು ಇದರಿಂದ ಎಂದು ಖಂಡಿತ ಹೇಳಬಲ್ಲೆ. ಇಬ್ಬರು ಕಾರ್ನರ್, ಒಬ್ಬ ಕವರ್ ಉಳಿದರೆ ಯಾರು ಎಲ್ಲಿ ನಿಲ್ಲಬೇಕು; ಕಾರ್ನರ್ ಒಬ್ಬನೇ, ಉಳಿದಿಬ್ಬರೂ ರೇಡರ್‌ಗಳೇ ಆದರೆ ಹೇಗೆ; ಹೀಗೆ ಒಂದೊಂದು ಜೋಡಣೆಯನ್ನೂ ಆಡಿಸಬೇಕು. ರೇಡರ್‌ಗಳೂ ಹಿಡಿಯುವುದನ್ನು ಕಲಿಯುವುದು ಇಲ್ಲೇ.

ರೇಡರ್ ವಿಷಯಕ್ಕೆ ಬಂದರೆ, ನಾಲ್ವರೂ ಒಂದೇ ಕಡೆಗೆ ತಿರುಗಿ ದಾಳಿ ಮಾಡುವವರಾದರೆ ಎದುರಾಳಿಯ ಒಂದೇ ಕಾರ್ನರ್‌ಗೆ ಕೆಲಸ, ಅವನು ಎರಡನೇ ಅರ್ಧದ ಹೊತ್ತಿಗೆ ಎಲ್ಲವನ್ನೂ ಓದಿಬಿಟ್ಟಿರುತ್ತಾನೆ. ಎರಡೂ ಕಡೆಯವರು ಬೇಕು. ರೇಡ್ ಹಂಚಿಕೆಯನ್ನು ಮೊದಲೇ ಬರೆದಿಡಿ: ಮುಖ್ಯ ರೇಡರ್‌ಗೆ 16ರಿಂದ 18, ಎರಡನೆಯವನಿಗೆ 10ರಿಂದ 12, ಉಳಿದದ್ದು ಮಿಕ್ಕವರಿಗೆ. ಡು ಆರ್ ಡೈಗೆ ಒಬ್ಬನನ್ನು ನಿಗದಿ ಮಾಡಿ, ಅಭ್ಯಾಸದ ಕೊನೆಗೆ ಮೈ ದಣಿದಿರುವಾಗಲೇ ಅವನಿಂದ ಅಂಥ ಹತ್ತು ರೇಡ್ ಮಾಡಿಸಿ. ‘ಕಬಡ್ಡಿ ಕಬಡ್ಡಿ’ ಸದ್ದು 30 ಸೆಕೆಂಡೂ ಸ್ಪಷ್ಟವಾಗಿ ಕೇಳಬೇಕು. ಸುಸ್ತಾದವನ ದಮ್ ಮೊದಲು ಹೋಗುವುದು ತಿರುಗಿ ಓಡುವಾಗ. ಟೈಮ್‌ಔಟ್ 30 ಸೆಕೆಂಡ್ ಮಾತ್ರ. ಒಬ್ಬರೇ ಮಾತಾಡಬೇಕು, ಒಂದೇ ವಿಷಯ ಹೇಳಬೇಕು.

ನಮ್ಮ ಎರೆಮಣ್ಣು ಕಬಡ್ಡಿಗೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಬಿರುಕು, ಮಳೆ ಬಂದರೆ ಕಾಲಿಗೆ ಅಂಟು. ಮಣ್ಣಿನ ಅಂಕಣ ಮಾಡುವುದಾದರೆ ಜರಡಿ ಹಿಡಿದ ಕೆಮ್ಮಣ್ಣು ತಂದು ಹಾಸಿ, ಹಳೆಯ ಗೊಬ್ಬರ, ಮರದ ಹೊಟ್ಟು ಬೆರೆಸಿ ನೀರು ಚಿಮುಕಿಸಿ ಮಟ್ಟ ಮಾಡಬೇಕು. ಆದರೆ ದೊಡ್ಡ ಟೂರ್ನಿಗಳೆಲ್ಲ ಮ್ಯಾಟ್ ಮೇಲೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚೌಕದ ಮ್ಯಾಟ್ ತುಂಡು ಅಂಕಣಕ್ಕೇ 130 ಬೇಕು, ಸುತ್ತ ಎರಡು ಮೀಟರ್ ಅಂಚು ಬಿಟ್ಟರೆ 238. ಬಿಸಿಲಿಗೆ ಬಿಟ್ಟರೆ ತುಂಡುಗಳು ಹಿಗ್ಗಿ ಕುಗ್ಗಿ ಸಂದು ಬೀಳುತ್ತವೆ, ಬೆರಳು ಸಿಕ್ಕಿ ಉಗುರು ಕೀಳುತ್ತದೆ. ಅಭ್ಯಾಸ ಮುಗಿದ ಮೇಲೆ ನೆರಳಿಗೆ ಸೇರಿಸಿ.

ಬರಿಗಾಲಲ್ಲಿ ಮಣ್ಣಿನ ಮೇಲೆ ಬೆಳೆದ ಹುಡುಗನನ್ನು ಶೂ ಹಾಕಿಸಿ ನೇರ ಮ್ಯಾಟ್ ಮೇಲೆ ಪೂರ್ತಿ ಆಟ ಆಡಿಸಬೇಡಿ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ತಿರುಗುತ್ತದೆ. ಮ್ಯಾಟ್ ಮೇಲೆ ಶೂ ಗಪ್ಪನೆ ಕಚ್ಚಿಕೊಳ್ಳುತ್ತದೆ, ದೇಹ ಮಾತ್ರ ತಿರುಗುತ್ತದೆ, ಪೆಟ್ಟು ಮಂಡಿಗೆ. ಮೊದಲ ಮೂರು ವಾರ ಓಟ, ನಿಲ್ಲುವುದು, ತಿರುಗುವುದು ಇಷ್ಟೇ. ಆಮೇಲೆ ಟ್ಯಾಕಲ್.

ತೂಕದ ಮಿತಿ ಸೀನಿಯರ್ ಪುರುಷರಿಗೆ 85 ಕೆಜಿ, ಸ್ಥಳೀಯ ಟೂರ್ನಿಗಳಲ್ಲಿ ಆಯೋಜಕರು ಹೇಳಿದ್ದು. ಹಿಂದಿನ ದಿನ ನೀರು ಬಿಟ್ಟು, ಜಾಕೆಟ್ ಹಾಕಿ ಓಡಿ ತೂಕ ಇಳಿಸುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ. ಅಂಥವನು ಎರಡನೇ ಪಂದ್ಯಕ್ಕೇ ಸೆಳೆತ ಬಂದು ಕೂರುತ್ತಾನೆ. ವಾರಕ್ಕೆ ಅರ್ಧ ಕೆಜಿಯಂತೆ ಮೊದಲಿಂದ ಇಳಿಸಿ. ಟೂರ್ನಿಯ ರಾತ್ರಿ ಮಂಡಕ್ಕಿ ಪರವಾಗಿಲ್ಲ, ಅದರ ಜತೆಯ ಮಿರ್ಚಿ ಬೇಡ. ಬಾಳೆಹಣ್ಣು, ಶೇಂಗಾ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ಪಂದ್ಯಗಳ ನಡುವೆ ಸಾಕು.

ದುಡ್ಡಿನ ವಿಷಯ ಕಾಗದದ ಮೇಲೆ ಇರಲಿ: ತಿಂಗಳ ಮೊತ್ತ, ಪಂದ್ಯದ ಭತ್ಯೆ, ಗಾಯವಾದರೆ ಯಾರು ಖರ್ಚು ಹಾಕುತ್ತಾರೆ, ಬೇರೆ ತಂಡಕ್ಕೆ ಅತಿಥಿ ಆಟಗಾರನಾಗಿ ಹೋಗಬಹುದೇ. ನೌಕರಿಯಲ್ಲಿರುವವರು ಇಲಾಖೆಯ ಅನುಮತಿ ಪತ್ರ ತರಲಿ. ಬಹುಮಾನದ ಹಣವನ್ನು ರೇಡ್ ಅಂಕದ ಮೇಲೆ ಹಂಚಿದರೆ ರೇಡರ್ ಸರದಿ ಬಿಟ್ಟುಕೊಡುವುದಿಲ್ಲ, ಕವರ್ ಮೈ ಒಡ್ಡುವುದಿಲ್ಲ. ನಾವು 60 ಭಾಗವನ್ನು 12 ಜನಕ್ಕೂ ಸಮನಾಗಿ, 20 ಭಾಗ ಕೋಚ್‌ಗಳಿಗೆ, ಉಳಿದ 20 ಪ್ರಯಾಣ ಮತ್ತು ಔಷಧಿಗೆ ಎಂದು ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿದೆವು.

ಹೊಸ ತಂಡ ಆಡಲು ಶುರುಮಾಡಿದ ಮೇಲೆ ಮೊದಲ ಕೆಲವು ಟೂರ್ನಿಗಳಲ್ಲಿ ಕಪ್ ಬರಲಿಲ್ಲ ಎಂದು ಕೋಚ್ ಮೇಲೆ ಬೀಳಬೇಡಿ. ಹಳೆಯ ಚಾರ್ಟ್ ಪಕ್ಕಕ್ಕೆ ಹೊಸದನ್ನಿಟ್ಟು ನೋಡಿ. ‘ಒಂಟಿ’ ಗುರುತು ಕಡಿಮೆಯಾಗಿದೆಯೇ, ಮುಖ್ಯ ರೇಡರ್ ಹೊರಗೆ ಕೂರುವ ಹೊತ್ತು ಇಳಿದಿದೆಯೇ, ಮೂವರಿದ್ದಾಗ ಹಿಡಿದದ್ದು ಹೆಚ್ಚಿದೆಯೇ? ಇವು ಸರಿದಾರಿಯಲ್ಲಿದ್ದರೆ ತಂಡವನ್ನು ಮುಟ್ಟಬೇಡಿ. ಐದಾರು ಟೂರ್ನಿ ಕಳೆದರೂ ‘ಆತುರ’ ಹಾಗೇ ಇದ್ದರೆ ಆ ಕಾರ್ನರ್ ಬದಲಿಸಿ ಮೂರನೆಯವನನ್ನು ಇಳಿಸಿ. ಇಬ್ಬರು ಮೂವರು ಕಾರ್ನರ್‌ಗಳಲ್ಲೂ ಅದೇ ಗುರುತು ಬರುತ್ತಿದ್ದರೆ ಆಗ ಹಿಡಿತದ ಕೋಚ್ ಜತೆ ಕೂತು ಮಾತಾಡುವ ಸಮಯ. ದುಡ್ಡು ಉಳಿದಿದ್ದರೆ ಆ ದೊಡ್ಡ ರೇಡರ್‌ನನ್ನು ಆ ಬಳಿಕ ಧಾರಾಳವಾಗಿ ತನ್ನಿ.