ಕುಂಡದ ಮೆಣಸಿನ ಸಸಿಯ ಸುಳಿ ಮುಟುರಿದಾಗ ನಾನು ನೋಡುವ ಕ್ರಮ

ಆರೆಂಟು ಎಲೆ ಬಿಟ್ಟ ಮೆಣಸಿನ ಸಸಿಯ ಸುಳಿ ಸುರುಟಿಕೊಂಡರೆ ‘ಮುಟುರು ರೋಗ ಬಂತು’ ಎಂದು ಹೇಳಿ ಯಾವುದೋ ಒಂದು ಔಷಧಿ ಹೊಡೆಯುವವರೇ ಹೆಚ್ಚು. ಮುಟುರು ಒಂದೇ ರೋಗವಲ್ಲ. ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಮೈಟ್ ನುಸಿ, ಬಿಳಿ ನೊಣ ಹರಡುವ ನಂಜು (ವೈರಸ್), ಈ ಮೂರರಿಂದಲೂ ಎಲೆ ಮುಟುರುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಕಿಟಕಿ ಪಕ್ಕದ, ಬಾಲ್ಕನಿಯ ಬ್ಯಾಡಗಿ ಸಸಿಗಳಿಗೆ ಏನು ತಗುಲಿದೆ ಎಂದು ತಿಳಿಯದೆ ನಾನು ಏನನ್ನೂ ಸಿಂಪಡಿಸುವುದಿಲ್ಲ.

ಮೊದಲು ನೋಡಬೇಕಾದ್ದು ಎಲೆ ಯಾವ ಕಡೆ ಮಡಚಿದೆ ಎಂಬುದನ್ನು. ಅಂಚು ಮೇಲೆದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್ ಅನುಮಾನ. ಸುಳಿಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ತಟ್ಟಿದರೆ ಒಂದು ಮಿಲಿಮೀಟರ್ ಉದ್ದದ ಸಪೂರ ಹುಳುಗಳು ಓಡಾಡುತ್ತವೆ. ಎಲೆಯ ತಳದಲ್ಲಿ ಬೆಳ್ಳಿ ಬಣ್ಣದ ಗೀರು, ಕಪ್ಪು ಹಿಕ್ಕೆಯ ಚುಕ್ಕೆಗಳೂ ಇರುತ್ತವೆ. 2021ರಲ್ಲಿ ಬಳ್ಳಾರಿ, ರಾಯಚೂರು ಕಡೆ ಹೊಲಗಳನ್ನೇ ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನೊಳಗೆ ಸೇರುವಂಥದ್ದು. ಹೂ ಬಿಡದ ಸಸಿಯಲ್ಲಿ ಎಲೆಯನ್ನೇ ತಟ್ಟಿ ನೋಡಬೇಕು.

ಅಂಚು ಕೆಳಕ್ಕೆ ಬಾಗಿ ಎಲೆ ಕವುಚಿಕೊಂಡಿದ್ದರೆ ಹಳದಿ ಮೈಟ್ ನುಸಿ. ಎಲೆ ಕಿರಿದಾಗುತ್ತದೆ, ತೊಟ್ಟು ಮಾತ್ರ ಉದ್ದವಾಗುತ್ತದೆ, ಮುಟ್ಟಿದರೆ ಗಡುಸು, ತಳಭಾಗ ಕಂಚಿನ ಬಣ್ಣ. ಕೆಂಪು ನುಸಿಯ ಹಾಗೆ ಇದು ಬಲೆ ಕಟ್ಟುವುದಿಲ್ಲ. ಬಲೆ ಕಾಣಲಿಲ್ಲವೆಂದು ನುಸಿಯೇ ಇಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ನುಸಿಯ ಗಾತ್ರ 0.2 ಮಿಲಿಮೀಟರ್‌ನಷ್ಟು, ಬರಿಗಣ್ಣಿಗೆ ಸಿಗದು. 10 ಪಟ್ಟಿನ ಮಸೂರವೂ ಸಾಲದು, 30ರಿಂದ 40 ಪಟ್ಟು ಬೇಕು. ಹಳೆಯ ಎಲೆ ಹುಡುಕಿ ಫಲವಿಲ್ಲ. ಇನ್ನೂ ಪೂರ್ತಿ ಬಿಚ್ಚದ ಎಲೆಯ ತಳದಲ್ಲಿ, ನಡುನರದ ಪಕ್ಕ ನೋಡಬೇಕು. ಪಾರದರ್ಶಕವಾದ ಮೊಟ್ಟೆಯ ಬೆನ್ನ ಮೇಲೆ ಸಾಲುಸಾಲು ಬಿಳಿ ಚುಕ್ಕೆ ಕಂಡರೆ ಬೇರೆ ಸಾಕ್ಷಿ ಬೇಡ.

ಇಲ್ಲಿ ಥ್ರಿಪ್ಸ್ ಇರಬಹುದೆಂದು ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಹುಳುಗಳು ಸತ್ತು ನುಸಿ ಇನ್ನೂ ಹೆಚ್ಚುತ್ತದೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಕ್ಕೂ ನುಸಿ ಜಗ್ಗುವುದಿಲ್ಲ.

ಹುಳು, ಮೊಟ್ಟೆ ಯಾವುದೂ ಇಲ್ಲದೆ ಎಲೆ ಚಿಕ್ಕದಾಗಿ, ನರ ದಪ್ಪಗಾಗಿ, ಗೆಣ್ಣುಗಳು ಹತ್ತಿರವಾಗಿ ಸುಳಿ ಗೊಂಚಲಾಗಿದ್ದರೆ ನಂಜು ರೋಗ. ಅದಕ್ಕೆ ಮದ್ದಿಲ್ಲ.

ರೋಗವೇ ಅಲ್ಲದ ಕಾರಣಗಳೂ ಉಂಟು. ಸಸಿಗೆಂದು ಹಾಕಿದ ಲೈಟು ತೀರಾ ಹತ್ತಿರವಿದ್ದರೆ ಅದರ ನೇರ ಕೆಳಗಿನ ಎಲೆಗಳು ಮಾತ್ರ ಮೇಲಕ್ಕೆ ಮಡಚುತ್ತವೆ. ಬರೀ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆಸಿದ್ದರೆ ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಹೊಸ ಎಲೆಯ ತುದಿ ತಿರುಚಿ ಒಣಗುತ್ತದೆ. ಅಂಥ ಕುಂಡಗಳಿಗೆ ಲೀಟರ್ ನೀರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿ ಬುಡಕ್ಕೆ ಕೊಡುತ್ತೇನೆ.

ಮೈಟ್ ನುಸಿ ಖಚಿತವಾದರೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ (80%) ಲೀಟರಿಗೆ 3 ಗ್ರಾಂ. ಎಲೆಯ ತಳ, ಸುಳಿಯ ಒಳಗೆ ತೊಟ್ಟಿಕ್ಕುವಷ್ಟು ಸಿಂಪಡಿಸಬೇಕು. ಆರೇಳು ದಿನ ಬಿಟ್ಟು ಇನ್ನೊಮ್ಮೆ, ಏಕೆಂದರೆ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಬಿಸಿಲು 32 ಡಿಗ್ರಿ ದಾಟಿದಾಗ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಬಳಸಿದ್ದರೆ ಎರಡು ವಾರ ಗಂಧಕದ ತಂಟೆಗೆ ಹೋಗಬಾರದು. ಥ್ರಿಪ್ಸ್‌ಗಾದರೆ ಲೀಟರಿಗೆ ಬೇವಿನೆಣ್ಣೆ 5 ಮಿಲಿ, ಜೊತೆಗೆ ಸ್ವಲ್ಪ ಸೋಪಿನ ನೀರು, ವಾರಕ್ಕೊಮ್ಮೆ. ಯಾವುದೇ ಆದರೂ ರೋಗದ ಕುಂಡವನ್ನು ಬೇರೆ ಇಟ್ಟು ಅದನ್ನು ಕೊನೆಯಲ್ಲಿ ಮುಟ್ಟುತ್ತೇನೆ. ನುಸಿ ಕೈಗೆ, ಬಟ್ಟೆಗೆ, ಬಿಳಿ ನೊಣದ ಕಾಲಿಗೂ ಅಂಟಿಕೊಂಡು ಹೋಗುತ್ತದೆ.

ಮುಟುರಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಮದ್ದು ಫಲಿಸಲಿಲ್ಲ ಎನ್ನಬಾರದು. ಸಿಂಪಡಿಸಿದ ದಿನ ಸುಳಿಯ ಕೆಳಗೆ ಸಡಿಲವಾಗಿ ಒಂದು ದಾರ ಕಟ್ಟಿ, ಅದರ ಮೇಲೆ ಬರುವ ಎಲೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಮೂರು ವಾರವಾದರೂ ಅವು ಮುಟುರಿಯೇ ಬಂದು, ಮಸೂರದಲ್ಲಿ ನುಸಿಯೂ ಕಾಣದಿದ್ದರೆ ನಂಜೆಂದು ತೀರ್ಮಾನಿಸಿ ಸಸಿಯನ್ನು ಕವರಿನಲ್ಲಿ ಕಟ್ಟಿ ಎಸೆಯುತ್ತೇನೆ. ಪಕ್ಕದಲ್ಲಿ ಟೊಮೇಟೊ ಇದ್ದರೆ ಇದರಲ್ಲಿ ತಡಮಾಡುವಂತಿಲ್ಲ, ಅದೇ ಬಿಳಿ ನೊಣ ಅಲ್ಲಿಗೂ ಹೋಗುತ್ತದೆ.